ಹೆಂಡತಿಯ ಎಡಮಂಡಿ

ಬಚ್ಚಲುಮನೆಯ ಕಿಟಕಿಯಲ್ಲಿ, ಒಡೆದ ಗಾಜಿನ ಜಾಗಕ್ಕೆ ಅಂಟಿಸಿದ್ದ ಎಕ್ಸ್-ರೇ ಫಿಲ್ಮಿನೊಳಗೆ, ಹೆಂಡತಿಯ ಎಡಮಂಡಿ ಆ ದಿನವೂ ಹೊಳೆಯುತ್ತಿತ್ತು. ಇಡೀ ಊರಿಗೆ ಹಂಚಬೇಕಾದ ಬಿಸಿಲೆಲ್ಲ ಬೇರೆ ಕಡೆ ಕೆಲಸವೇ ಇಲ್ಲದ ಹಾಗೆ ಆ ಫಿಲ್ಮಿನ ಬೆನ್ನಿಗೆ ಬಂದು ನಿಂತು, ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ, ಅವುಗಳ ನಡುವೆ ನೂಲು ಹಿಡಿದು ಬಿಟ್ಟಂಥ ಸಂದನ್ನೂ, ಬಟ್ಟಲು ಕವುಚಿದಂತೆ ಕೂತ ಚಿಪ್ಪನ್ನೂ ಒಂದೊಂದಾಗಿ ಎತ್ತಿ ತೋರಿಸುತ್ತಿತ್ತು. ಒಂದು ಬಿರುಕಿಲ್ಲ, ಒಂದು ಸವೆತವಿಲ್ಲ. ಜಗತ್ತಿನ ಯಾವ ನ್ಯಾಯಾಲಯಕ್ಕೆ ಒಯ್ದರೂ ಮೊದಲ ದಿನವೇ ಖುಲಾಸೆಯಾಗುವಂಥ ಮಂಡಿ. ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡು ಅದರೆದುರು ನಿಂತ ಲಿಫ್ಟ್ ಮೆಕ್ಯಾನಿಕ್ಕಿಗೆ, ಉಜ್ಜಿದಷ್ಟೂ ತಾನು ಕೊಳಕಾಗುತ್ತಿರುವ ಹಾಗೆ ಅನ್ನಿಸಿತು. ಕಿಟಕಿಗೆ ಹೊಸ ಗಾಜು ಹಾಕಿಸೋಣವೆಂದು ಅವನು ಎಷ್ಟೋ ಸಲ ಸೂಚಿಸಿದ್ದ. “ಚೆನ್ನಾಗೇ ಇದೆಯಲ್ಲ, ಬೆಳಕೂ ಬರುತ್ತೆ, ಹೊರಗಿನವರಿಗೆ ಏನೂ ಕಾಣಲ್ಲ,” ಎಂದಿದ್ದಳು ಅವಳು. ಆ ಮಾತಿನಲ್ಲಿ ಎಲ್ಲಿಯಾದರೂ ಮುಳ್ಳಿದೆಯೇ ಎಂದು ಅವನು ತಡಕಾಡಿ ನೋಡಿದ್ದ. ಮುಳ್ಳಿರಲಿಲ್ಲ, ಅದೇ ಹೆಚ್ಚು ಚುಚ್ಚಿತ್ತು.

“ರೀ, ಜೋಡಿನೋ, ಬೇರೆ ಬೇರೆನೋ?” ಬಾಗಿಲಾಚೆಯಿಂದ ಅವಳ ದನಿ ಬಂತು. “ಇವತ್ತು ಸಾಯಂಕಾಲಕ್ಕೆ ಹೆಸರು ಕೊಡೋದು ಮುಗಿಯುತ್ತೆ. ನೀವು ಹೇಳಿದ ಹಾಗೆ ಹಾಕ್ತೀನಿ.”

“ಉಂ ಉಂ,” ಎಂದ ಅವನು, ನೊರೆಯ ಆಶ್ರಯದಲ್ಲಿ.

“ಉಂ ಉಂ ಅಂದ್ರೆ ಜೋಡಿನಾ?”

ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿದ. ಬೆಟ್ಟದಿಂದ ಹೊಳೆಯೊಂದು ಬಕೆಟ್ಟಿಗೆ ಬಿದ್ದಂತೆ ಸದ್ದಾಯಿತು. ಮದುವೆಯಾದ ಮೇಲೆ ಇಂಥ ಪ್ರಶ್ನೆಗಳಿಂದ ಅವನನ್ನು ಕಾಪಾಡಿದ ನಲ್ಲಿಗಳಿಗೆ ಲೆಕ್ಕವಿಲ್ಲ.

ಅವಳು ಕೇಳಿದ್ದು ಮೂರು ಬೆಟ್ಟದ ಓಟದ ವಿಷಯ. ಆ ಓಟದ ಮುಂದೆ ಮ್ಯಾರಥಾನ್ ಎನ್ನುವುದು ಚಪ್ಪಲಿ ಮೆಟ್ಟಿಕೊಂಡು ಮೂಲೆಯಂಗಡಿಗೆ ಹೋಗಿ ಬೆಂಕಿಪೊಟ್ಟಣ ತಂದ ಹಾಗೆ. ಸೂರ್ಯ ಹುಟ್ಟುವಾಗ ಹೊರಟವರು ಸೂರ್ಯ ಇನ್ನೊಮ್ಮೆ ಹುಟ್ಟುವುದರೊಳಗೆ ಮೂರು ಬೆಟ್ಟಗಳನ್ನು ಹತ್ತಿಳಿದು ತಲುಪಿದರೆ ಅದೃಷ್ಟ. ದಾರಿ ಎಂಬುದಕ್ಕೆ ದಾರಿಯೆಂದು ಹೆಸರಷ್ಟೇ. ಮೇಕೆಗಳು ಕೂಡ ಮನೆಮಂದಿಯನ್ನು ಕೇಳಿಕೊಂಡು ಹೆಜ್ಜೆಯಿಡುವಂಥ ಜಾರುಕಲ್ಲು. ಮೊದಲ ಬೆಟ್ಟದಲ್ಲಿ ಕಾಲುಗುರು ಹೋಗುತ್ತದೆ, ಎರಡನೆಯದರಲ್ಲಿ ಹಸಿವು ಹೋಗುತ್ತದೆ, ಮೂರನೆಯದರಲ್ಲಿ ತಾನು ಯಾರು, ಇಲ್ಲಿಗೆ ಯಾಕೆ ಬಂದೆ ಎಂಬ ನೆನಪೂ ಹೋಗುತ್ತದೆ. ಜೋಡಿಯಾಗಿ ಓಡುವವರಿಗೆ ಇನ್ನೊಂದು ಕಟ್ಟಳೆ: ದಾರಿಯ ಪ್ರತಿಯೊಂದು ಗೇಟಿನಲ್ಲೂ ಇಬ್ಬರೂ ಒಟ್ಟಿಗೇ ಬಂದು ನಿಲ್ಲಬೇಕು, ಗೇಟು ಮುಚ್ಚುವ ಹೊತ್ತಿಗೆ ಒಬ್ಬರು ಬಂದು ಇನ್ನೊಬ್ಬರು ಬಾರದಿದ್ದರೆ ಇಬ್ಬರೂ ಮನೆಗೆ. ಹೋದ ಸಲ ಮೂರನೆಯ ಬೆಟ್ಟದ ಬುಡದ ಗೇಟಿನಲ್ಲಿ ಹಾಗೇ ಆಗಿತ್ತು. ತಗಡಿನ ಚಪ್ಪರ, ಮಡಿಸುವ ಕುರ್ಚಿ, ಅದರಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ದಪ್ಪ ಹೆಂಗಸು. ಇವಳು ಆ ಚಪ್ಪರ ಕಾಣುವ ತಿರುವಿನಲ್ಲಿ, ಹುಲ್ಲಿನ ಮೇಲೆ ಒಂದು ಕಾಲು, ಕಲ್ಲಿನ ಮೇಲೆ ಒಂದು ಕಾಲು ಇಟ್ಟು, ಆಗಷ್ಟೇ ಹಾಸಿಗೆಯಿಂದ ಎದ್ದವಳ ಹಾಗೆ ನಿಂತು ಕಾಯುತ್ತಿದ್ದಳು. ಅವನು ಬಂದ, ಬಂದ ಎನ್ನುವುದು ದೊಡ್ಡ ಮಾತು, ಬೆಟ್ಟವೇ ಅವನನ್ನು ಕೆಳಕ್ಕೆ ಉದುರಿಸಿತು. ಅವರಿಬ್ಬರೂ ಚಪ್ಪರ ಮುಟ್ಟುವಾಗ ಆ ಹೆಂಗಸು ದಾರಿಗೆ ಅಡ್ಡ ಹಗ್ಗ ಕಟ್ಟಿ ಗಂಟು ಬಿಗಿಯುತ್ತಿದ್ದಳು. “ಅಯ್ಯೋ, ಈಗ್ತಾನೆ ಮುಚ್ಚಿದೆನಲ್ಲಪ್ಪಾ! ಇನ್ನೊಂಚೂರು ಬೇಗ ಬರಬಾರದಿತ್ತಾ? ಏನಾಯ್ತು?” ಎಂದಳು. ಅವನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಇದ್ದ ಒಂದೇ ಒಂದು ಗುಟುಕು ಉಸಿರಿನಲ್ಲಿ, ಬೇರೆ ಯಾವ ಮಾತನ್ನಾದರೂ ಆಡಬಹುದಾಗಿದ್ದ ಆ ಒಂದೇ ಗುಟುಕಿನಲ್ಲಿ, ಅವನು ಅಂದಿದ್ದ: “ಇವಳ ಮಂಡಿ.”

ಅವಳು ಬಗ್ಗಿ ತನ್ನ ಮಂಡಿಯನ್ನು ನೋಡಿಕೊಂಡಿದ್ದಳು. ಆ ನೋಟವೇ ಇವತ್ತಿಗೂ ಅವನ ಕತ್ತು ಹಿಡಿದುಕೊಂಡಿರುವುದು. ಸಿಟ್ಟಿನ ನೋಟವಲ್ಲ, ಯಾರೋ ಹೆಸರು ಹಿಡಿದು ಕರೆದರೆ, ನನ್ನನ್ನೇ ಕರೆದದ್ದಾ ಎಂದು ತಿರುಗಿ ನೋಡುತ್ತಾರಲ್ಲ, ಅಂಥದು. ಮರುಕ್ಷಣವೇ ಆ ಹೆಂಗಸಿನ ಮುಂದೆ ಎಡಗಾಲನ್ನು ಎಳೆದು ಹಾಕುತ್ತ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟಳು. ಅವನ ಮಾತು ಸುಳ್ಳಾಗಬಾರದೆಂದು ಮಾರನೆಯ ದಿನ ಕೆಲಸದಲ್ಲೂ ಕುಂಟಿದಳು, ವಾರಗಟ್ಟಲೆ ಮನೆಯಲ್ಲೂ ಕುಂಟಿದಳು. ಅವನ ಅಮ್ಮ ಗಾಬರಿಯಾಗಿ ಬಿಸಿನೀರಿನ ಚೀಲ ಹಿಡಿದು ಬಂದು, “ಇಷ್ಟು ವಯಸ್ಸಾದ ನನ್ನ ಮಂಡೀನೇ ಗಟ್ಟಿಯಾಗಿದೆ, ನಿಂದೇನೇ ಹೀಗೆ,” ಎಂದು ಕಾಲು ಒತ್ತತೊಡಗಿದರು, ಆ ಒತ್ತುವುದು ಇವತ್ತಿಗೂ ನಿಂತಿಲ್ಲ. ಒಮ್ಮೆ ಮಾತ್ರ ಅವಳು ಮರೆತು ಬಲಗಾಲು ಕುಂಟಿದಳು. ಅಮ್ಮ, “ನೋವು ಇದಕ್ಕೂ ಇಳೀತಾ!” ಎಂದು ಆ ಕಾಲಿಗೂ ಶಾಖ ಕೊಟ್ಟರು. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಬಿಡದೆ ಒಂದು ಫಿಲ್ಮ್ ತೆಗೆಸಿದರು. ನೆಲಮಾಳಿಗೆಯ ಎಕ್ಸ್-ರೇ ಕೋಣೆಯಲ್ಲಿ ಊರಿನವರ ಮೂಳೆಗಳ ಚಿತ್ರವನ್ನೆಲ್ಲ ತೆಗೆಯುವವಳು ಅವಳೇ. ಅವತ್ತು ತನ್ನ ಮಂಡಿಯನ್ನು ತಾನೇ ಮೇಜಿನ ಮೇಲಿಟ್ಟು, ಗುಂಡಿಯೊತ್ತಲು ಜೊತೆಗೆಲಸದವಳನ್ನು ಕರೆದಳಂತೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಈ ಮಂಡಿಗೆ ಏನೂ ಆಗಿಲ್ವಲ್ಲಮ್ಮ, ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು,” ಎಂದರಂತೆ. ಅದನ್ನು ತಂದು ಬಚ್ಚಲಿನ ಕಿಟಕಿಗೆ ಅಂಟಿಸಿದ್ದಳು, ಗಾಳಿ ಬರುತ್ತೆ ಎಂದು. ಅಷ್ಟೇ. ಒಂದು ಮಾತಿಲ್ಲ.

ಕೆಲಸದ ಚೀಲ ಹೆಗಲಿಗೇರಿಸಿ ತಾನೂ ಕೆಲಸ ಮಾಡುವ ಅದೇ ಆಸ್ಪತ್ರೆಯ ಗೇಟು ದಾಟುವಾಗಲೂ ‘ನೀವು ಹೇಳಿದ ಹಾಗೆ ಹಾಕ್ತೀನಿ’ ಎಂಬ ಮಾತು ಒಂದು ಬೋಲ್ಟು ಸಡಿಲವಾದ ಹಾಗೆ ಅವನೊಳಗೆ ಎಲ್ಲೋ ಗಡಗಡ ಎನ್ನುತ್ತಿತ್ತು. ಬೇರೆ ಬೇರೆ ಎಂದು ಹೆಸರು ಕೊಟ್ಟರೆ ಅವಳು ಗಾಳಿಯ ಹಾಗೆ ಹೋಗಿಬಿಡುತ್ತಾಳೆ. ಆ ಓಟ ಮುಗಿಸಬೇಕೆಂಬ ಆಸೆ ಅವಳಿಗೆ ಎಷ್ಟಿದೆಯೆಂದರೆ ನಿದ್ದೆಯಲ್ಲೂ ಅವಳ ಕಾಲುಬೆರಳುಗಳು ಹತ್ತುತ್ತಿರುತ್ತವೆ. ತಾನೊಬ್ಬನೇ ಯಾವುದೋ ಗೇಟಿನಲ್ಲಿ ಸಿಕ್ಕಿಬೀಳುತ್ತೇನೆ, ಆಗ ತೋರಿಸಲು ಯಾರ ಮಂಡಿಯೂ ಇರುವುದಿಲ್ಲ. ಜೋಡಿ ಎಂದರೆ ಅವಳು ಈ ಸಲವೂ ತಿರುವಿನಲ್ಲಿ ನಿಲ್ಲುತ್ತಾಳೆ, ಹಗ್ಗ ಬೀಳುತ್ತದೆ, ಮತ್ತೆ ಅವಳು ಬಗ್ಗಿ ನೋಡಿಕೊಳ್ಳುತ್ತಾಳೆ. ಚಹದಂಗಡಿಯ ಗೆಳೆಯರ ಮುಂದೆ ಅವನು ಇದನ್ನೆಲ್ಲ ಬೇರೆ ತರಹ ಹೇಳಿದ್ದ. ಅಲ್ಲಿ ಅವನ ಅಡ್ಡಹೆಸರು ಕ್ಯಾಪ್ಟನ್. ಬೆಟ್ಟದಲ್ಲಿ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ತಂದದ್ದನ್ನು ಅವನು ಹೇಳುವಾಗ ಕೇಳುವವರ ಬೆನ್ನು ನೋಯುತ್ತಿತ್ತು. ಪ್ರತಿ ಸಲ ಹೇಳುವಾಗಲೂ ದಾರಿ ಉದ್ದವಾಗುತ್ತಿತ್ತು, ಹೆಂಡತಿ ಭಾರವಾಗುತ್ತಿದ್ದಳು. ಒಂದು ದಿನ ಅವಳು ಅಲ್ಲಿಗೇ ಬಂದಳು, ಗೆಳೆಯನೊಬ್ಬ, “ಅತ್ತಿಗೆ, ಈಗ ಮಂಡಿ ಹೇಗಿದೆ?” ಎಂದ. ಅವಳು, “ಪರವಾಗಿಲ್ಲಪ್ಪ, ಇವರಿಲ್ಲದಿದ್ರೆ ನಾನಿನ್ನೂ ಆ ಬೆಟ್ಟದಲ್ಲೇ ಇರ್ತಿದ್ದೆ,” ಎಂದು ನಕ್ಕಳು. ಎಲ್ಲರೂ ಕ್ಯಾಪ್ಟನ್ನನ ಬೆನ್ನು ತಟ್ಟಿದರು. ತಟ್ಟಿದ ಒಂದೊಂದು ಏಟೂ ಏಟೇ.

ಬೆಟ್ಟವಿಲ್ಲದ ಊರಿನಲ್ಲಿ ಬೆಟ್ಟ ಹತ್ತುವುದನ್ನು ಕಲಿಯಬೇಕಾದರೆ ಇರುವುದೊಂದೇ ದಾರಿ: ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು. ನೆಲಮಾಳಿಗೆಯ ಎಕ್ಸ್-ರೇ ಕೋಣೆಯ ಪಕ್ಕದಿಂದ ಹನ್ನೆರಡನೆಯ ಮಹಡಿಯ ತಾರಸಿಯವರೆಗೆ, ಔಷಧಿಯ ವಾಸನೆಯ ಜೊತೆಗೆ ಸುತ್ತಿ ಸುತ್ತಿ ಏರುವ ಆ ಮೆಟ್ಟಿಲುಗಳನ್ನು ಅವರಿಬ್ಬರ ಹೊರತು ಯಾರೂ ಬಳಸುತ್ತಿರಲಿಲ್ಲ, ಯಾಕೆಂದರೆ ಲಿಫ್ಟುಗಳಿದ್ದವು, ಲಿಫ್ಟುಗಳು ಕೆಡದಂತೆ ನೋಡಿಕೊಳ್ಳಲು ಅವನಿದ್ದ. ಊರಿನವರು ಹತ್ತದಿರಲೆಂದು ಹಗಲೆಲ್ಲ ದುಡಿದು ಸಂಜೆ ತಾನು ಹತ್ತುವುದು ಎಂಥ ಅನ್ಯಾಯ ಎಂದು ಅವನಿಗೆ ಹೊಳೆದದ್ದು, ಐದನೆಯ ಮಹಡಿಯ ಗೋಡೆಗೆ ಆತುಕೊಂಡು, ಮೇಲೆಲ್ಲೋ ಅವಳ ಶೂಗಳು ಮಳೆಹನಿಯ ಹಾಗೆ ಸದ್ದು ಮಾಡುತ್ತ ದೂರವಾಗುವುದನ್ನು ಕೇಳುತ್ತಿದ್ದಾಗ. ಪಕ್ಕದಲ್ಲೇ ಹಾಸಿಗೆಬಟ್ಟೆ ಸಾಗಿಸುವ ಲಿಫ್ಟಿನ ಬಾಗಿಲಿತ್ತು. ಒತ್ತಿದ. ಐದರಿಂದ ಹತ್ತಕ್ಕೆ. ಹತ್ತರಲ್ಲಿ ಇಳಿದು, ಅವಳು ಮುಂದೆ ಹೋದ ಮೇಲೆ, ಹಿಂದಿನಿಂದ ಏದುಸಿರು ಬಿಡುತ್ತ ತಾರಸಿಗೆ ಹೋಗಿದ್ದ. ಅವಳು, “ಪರವಾಗಿಲ್ವೇ, ಇವತ್ತು ಬೇಗ ಬಂದ್ಯಲ್ಲ!” ಎಂದಿದ್ದಳು. ಅಂದಿನಿಂದ ಅವನ ಏದುಸಿರಿನ ನಟನೆಗೆ ರಂಗಮಂದಿರಗಳು ಕಾದು ನಿಲ್ಲಬೇಕಿತ್ತು: ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ, ನಡುವೆ ಒಂದು ಸಣ್ಣ ಕೆಮ್ಮು.

ಸಂಜೆ ಅವರು ಓಟದ ಚಡ್ಡಿ ತೊಟ್ಟು ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಕೂತು ಶೂ ಲೇಸು ಕಟ್ಟಿಕೊಂಡರು. ಲೇಸು ಕಟ್ಟಿದ ಗಳಿಗೆಯಿಂದ ಬಿಚ್ಚುವವರೆಗೆ ಅವಳ ಬಾಯಲ್ಲಿ ‘ರೀ’ ಹೋಗಿ ‘ಲೋ’ ಬರುತ್ತಿತ್ತು. ಮೊದಲ ಓಟದ ದಿನವೇ ಅವಳು ಕಾರಣ ಹೇಳಿದ್ದಳು: “ಮರ್ಯಾದೆಗೆ ಉಸಿರು ಜಾಸ್ತಿ ಖರ್ಚಾಗುತ್ತೆ.” ಆ ‘ಲೋ’ ಅವನಿಗೆ ಎಷ್ಟು ಇಷ್ಟವೆಂದರೆ ಒಂದೊಂದು ಸಲ ಮನೆಯಲ್ಲಿ ಸುಮ್ಮನೆ ಶೂ ಹಾಕಿಕೊಂಡು ಕೂರುತ್ತಿದ್ದ.

“ಲೋ, ಜೋಡಿನೋ ಬೇರೆನೋ, ಇನ್ನೂ ಹೇಳಲಿಲ್ಲ.”

“ಹತ್ತಿ ಬಂದು ಹೇಳ್ತೀನಿ.”

“ಹತ್ತಿ ಬಾ ಮತ್ತೆ,” ಎಂದು ಅವಳು ಹೋಗಿಬಿಟ್ಟಳು. ಎರಡು ಮೆಟ್ಟಿಲಿಗೊಂದು ಹೆಜ್ಜೆ. ಅವಳ ಜಡೆ ತಿರುವಿನಲ್ಲಿ ಒಮ್ಮೆ ಬೀಸಿ ಮರೆಯಾಯಿತು. ಇವತ್ತಾದರೂ ಹತ್ತಬೇಕು ಎಂದುಕೊಂಡೇ ಅವನು ಹೊರಟಿದ್ದು. ಎರಡನೆಯ ಮಹಡಿಯಲ್ಲಿ ಆ ನಿರ್ಧಾರ ವಜ್ರದಷ್ಟು ಗಟ್ಟಿಯಾಗಿತ್ತು, ಮೂರರಲ್ಲಿ ಮರದಷ್ಟು, ನಾಲ್ಕರಲ್ಲಿ ಬೆಣ್ಣೆಯಷ್ಟು. ಐದರಲ್ಲಿ ಲಿಫ್ಟು ತಾನಾಗಿಯೇ ಬಾಗಿಲು ತೆರೆದು ನಿಂತಿತ್ತು, ಒಳಗೆ ಯಾರೋ ಬಿಟ್ಟುಹೋದ ಮಾಸಿದ ಹಾಸಿಗೆಬಟ್ಟೆಯ ತಳ್ಳುಗಾಡಿ, ಮೇಲೆ ಹಳದಿ ದೀಪ. ಅವನು ಒಳಗೆ ಹೋದ. ಆರು, ಏಳು, ಎಂಟು. ಒಂಬತ್ತನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಲಿಫ್ಟು ಬಿಕ್ಕಿ, ನಿಂತುಬಿಟ್ಟಿತು.

ಅವನಿಗೆ ಯಾಕೆಂದು ಹೇಳಿಕೊಡಬೇಕಾಗಿರಲಿಲ್ಲ. ಒಂಬತ್ತನೆಯ ಮಹಡಿಯ ಬಾಗಿಲ ನೆತ್ತಿಯಲ್ಲಿ ಎರಡು ಪುಟ್ಟ ಹಿತ್ತಾಳೆ ತುಂಡುಗಳು ಒಂದಕ್ಕೊಂದು ತಾಗಿರಬೇಕು. ತಾಗದಿದ್ದರೆ ಲಿಫ್ಟು ನಿಲ್ಲಬೇಕು, ಅದು ಕಾಪಾಡುವ ವ್ಯವಸ್ಥೆ. ಆ ತುಂಡುಗಳಿಗೆ ಕಿಲುಬು ಹಿಡಿದದ್ದು ಅವನಿಗೆ ಹೋದ ತಿಂಗಳೇ ಗೊತ್ತಿತ್ತು. ನಾಳೆ ಉಜ್ಜಿದರಾಯಿತು ಎಂದು ಬಿಟ್ಟಿದ್ದ. ಒಳಬಾಗಿಲನ್ನು ಕೈಯಿಂದ ಸರಿಸಿದ. ಎದುರಿಗೆ ಒಂಬತ್ತನೆಯ ಮಹಡಿಯ ಹೊರಬಾಗಿಲು, ಎದೆಯೆತ್ತರದಲ್ಲಿ ಅದರ ಹೊಸ್ತಿಲು, ಅದರ ಚಿಲಕ ಲಿಫ್ಟಿನ ಮಾಳಿಗೆಗಿಂತ ಮೇಲೆ ಎಲ್ಲೋ ಕತ್ತಲಲ್ಲಿ. ಚಿಲಕ ತೆಗೆಯುವ ಮೂರು ಮೂಲೆಯ ಕೀಲಿ ಅವನ ಸೊಂಟದಲ್ಲೇ ತೂಗುತ್ತಿತ್ತು, ಆದರೆ ಅದನ್ನು ತಿರುಗಿಸಬೇಕಾದದ್ದು ಹೊರಗಿನಿಂದ. ಮೂರು ಖಂಡಗಳ ಲಿಫ್ಟುಗಳನ್ನು ತಂದು ಸುರಿದರೂ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲವನು, ಚಡ್ಡಿ ಹಾಕಿಕೊಂಡು, ಮಾಸಿದ ಬಟ್ಟೆಯ ಗಂಟಿನ ಮೇಲೆ, ಯಾರದೋ ಜ್ವರದ ವಾಸನೆಯ ನಡುವೆ ಕೂತ. ಉಳಿದದ್ದು ಅಪಾಯದ ಗಂಟೆಯೊಂದೇ. ಒತ್ತಿದ.

“ಹಲೋ, ಯಾರ್ರೀ ಒಳಗೆ?” ಗೋಡೆಯ ತೂತುಗಳಿಂದ ಕೆಳಗಿನ ವಾಚ್‌ಮನ್ನನ ದನಿ ಬಂತು.

ಅವನು ಮೂಗು ಹಿಡಿದುಕೊಂಡು ದನಿ ಬದಲಿಸಿದ. “ಪೇಷಂಟ್ ಕಡೆಯವರು.”

“ಹೆದರ್ಕೋಬೇಡಿ ಯಜಮಾನ್ರೇ. ನಮ್ಮ ಲಿಫ್ಟ್‌ನವರು ಇಲ್ಲೇ ಇದ್ದಾರೆ. ಭಾರೀ ಬುದ್ಧಿವಂತ್ರು. ಒಂದ್ನಿಮಿಷ, ಫೋನ್ ಮಾಡ್ತೀನಿ.”

ಅವನು ಕಣ್ಣು ಮುಚ್ಚಿಕೊಂಡ. ಗೋಡೆಯ ತೂತುಗಳಿಂದಲೇ, ವಾಚ್‌ಮನ್ನನ ಮೇಜಿನ ಮೇಲೆ ತಾನೇ ಇಟ್ಟುಬಂದ ಕೆಲಸದ ಚೀಲದೊಳಗೆ ತನ್ನ ಫೋನು ಬಡಿದುಕೊಳ್ಳುವುದು ಕೇಳಿಸಿತು. ಸ್ವಲ್ಪ ಹೊತ್ತು ಬಡಿದುಕೊಂಡಿತು. ಆಮೇಲೆ ವಾಚ್‌ಮನ್, ಕರೆ ಮಾಡಿದವನೂ ತಾನೇ ಎಂಬುದನ್ನು ಮರೆತು, ಅದನ್ನು ಎತ್ತಿ ಹೇಳಿದ: “ಹಲೋ, ಸಾರ್ ಇಲ್ಲ, ಹೊರಗೆ ಹೋಗಿದ್ದಾರೆ, ಆಮೇಲೆ ಮಾಡಿ.”

ಬೇರೆ ದಿನವಾಗಿದ್ದರೆ ಇದು ಚಹದಂಗಡಿಯಲ್ಲಿ ಒಂದು ವರ್ಷ ಓಡುವ ಕಥೆ. ಈಗ ಅವನಿಗೆ ನಗು ಬರಲಿಲ್ಲ, ಹಕ್ಕಿಗಳು ನೆನಪಾದವು. ಬೆಟ್ಟದ ಏರಿನಲ್ಲಿ ಅವಳು ಮುಂದೆ ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ ನಿಂತು, “ಲೋ, ನೋಡು, ಹಕ್ಕಿ!” ಎಂದು ಮರದ ಕಡೆ ಕೈ ತೋರಿಸುತ್ತಿದ್ದಳು. ಅವನು ಬರುವವರೆಗೆ ನೋಡುತ್ತಿದ್ದಳು. ಅವನು ಬಂದು ನೋಡುವಾಗ ಹಕ್ಕಿ ಹಾರಿಹೋಗಿರುತ್ತಿತ್ತು. ಏರು ಕಡಿದಾದಷ್ಟೂ ಹಕ್ಕಿಗಳು ಹೆಚ್ಚುತ್ತಿದ್ದವು. ಅವಳಿಗೆ ಹಕ್ಕಿಗಳ ಹುಚ್ಚೆಂದು ಅವನು ಹುಟ್ಟುಹಬ್ಬಕ್ಕೆ, ಚಂದ್ರನ ಮೇಲೆ ಇರುವೆ ಹರಿದರೂ ಕಾಣುವಂಥ ಒಂದು ದುರ್ಬೀನು ತಂದುಕೊಟ್ಟಿದ್ದ. ಅವಳು “ಅಯ್ಯೋ, ಯಾಕ್ರೀ ಇದೆಲ್ಲಾ,” ಎಂದು ಕಪಾಟಿನಲ್ಲಿಟ್ಟವಳು ಮತ್ತೆ ತೆಗೆದಿರಲಿಲ್ಲ. ಒಂದು ಸಲ, ಮೂರನೆಯ ಬೆಟ್ಟದಲ್ಲೇ ಇರಬೇಕು, ಅವಳು ಕೈ ತೋರಿಸಿದ ಕಡೆ ಮರವೇ ಇರಲಿಲ್ಲ, ಬೋಳುಬಂಡೆ. ಆಗಲೂ ಅವನು ಬಗ್ಗಿ ಲೇಸು ಕಟ್ಟಿಕೊಳ್ಳುತ್ತ, ಅವಳು ನಿಂತದ್ದರಿಂದ ತಾನೂ ನಿಲ್ಲಬೇಕಾಯಿತೆಂಬ ಮುಖ ಮಾಡಿದ್ದ. ಅವನ ಲೇಸಿನ ಗಂಟುಗಳೋ, ಭೂಮಿ ಬಿರಿದರೂ ಬಿಚ್ಚುವಂಥವಲ್ಲ. ಒಂದೊಂದು ಬೆಟ್ಟದಲ್ಲೂ ಅವನ್ನು ಬಿಚ್ಚಿ ಬಿಚ್ಚಿ ಕಟ್ಟಿದ್ದ. ಬೆಟ್ಟಗಳ ಮೇಲೆ ಅವರಿಬ್ಬರೂ ಇಷ್ಟು ವರ್ಷ ಓಡಿದ್ದು ಇದು: ಅವಳ ಇಲ್ಲದ ಹಕ್ಕಿ, ಅವನ ಬಿಚ್ಚದ ಲೇಸು. ಹೊರಗೆ ಹೆಜ್ಜೆಯ ಸದ್ದಾಯಿತು. ಆ ಹೆಜ್ಜೆಯನ್ನು ಸಾವಿರ ಜನರ ಓಟದಲ್ಲೂ ಅವನು ಗುರುತಿಸಬಲ್ಲ.

“ರೀ, ಒಳಗಿದ್ದೀರಾ?”

ಅವನು ತನ್ನ ಶೂ ನೋಡಿಕೊಂಡ. ಲೇಸು ಕಟ್ಟಿಯೇ ಇತ್ತು. ಆದರೂ ‘ರೀ’.

“ಇದ್ದೀನಿ,” ಎಂದ. “ನಿಂಗೆ ಹೇಗೆ ಗೊತ್ತಾಯ್ತು?”

“ದಿನಾ ಹತ್ತನೇ ಮಹಡೀಲಿ ಟಿಣ್ ಅನ್ನುತ್ತೆ. ಇವತ್ತು ಅನ್ನಲಿಲ್ಲ.”

ಆಸ್ಪತ್ರೆಯ ಎಲ್ಲ ಯಂತ್ರಗಳೂ ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿರುವ ಹಾಗಿತ್ತು.

“ಮೊದಲನೇ ದಿನದಿಂದಾನಾ?”

“ಮೊದಲನೇ ದಿನದಿಂದ. ಟಿಣ್ ಅನ್ನೋ ತನಕ ನಾನು ಎಂಟನೇ ಮಹಡೀಲಿ ನಿಂತಿರ್ತಿದ್ದೆ. ಹತ್ತರಲ್ಲಿ ಎದುರುಬದುರು ಸಿಕ್ಕಿದ್ರೆ ನಿಮಗೆ ಒಂಥರಾ ಆಗುತ್ತಲ್ಲ ಅಂತ. ನೀವು ಅಲ್ಲಿ ಮೂಲೆಯಲ್ಲಿ ಅವಿತುಕೊಂಡ ಮೇಲೆ ದಾಟಿ ಹೋಗ್ತಿದ್ದೆ.”

“ಹೇಳಬಾರದಿತ್ತಾ?”

“ಅಷ್ಟು ಚೆನ್ನಾಗಿ ಏದುಸಿರು ಬಿಡ್ತಿದ್ರಿ, ನೋಡೋದಕ್ಕೇ ಖುಷಿಯಾಗ್ತಿತ್ತು. ಅದರಲ್ಲೂ ಆ ಕೆಮ್ಮು.”

ಅವನು ತಳ್ಳುಗಾಡಿಯ ಮೇಲಿನ ಬಟ್ಟೆಯಲ್ಲಿ ಮುಖ ಹುದುಗಿಸಬೇಕೆಂದುಕೊಂಡು, ಅದು ಯಾರದೋ ಎಂದು ನೆನಪಾಗಿ ಸುಮ್ಮನಾದ. “ಹಾಗಾದ್ರೆ ಹಕ್ಕಿ?”

“ಯಾವ ಹಕ್ಕಿ?”

“ಬೆಟ್ಟದಲ್ಲಿ ತೋರಿಸ್ತಿದ್ದೆಯಲ್ಲ.”

“ಹಕ್ಕಿ ಅಂದ್ರೆ ನನಗೆ ಅಷ್ಟಕ್ಕಷ್ಟೇ ಕಣ್ರೀ,” ಎಂದಳು ಅವಳು, ತುಸು ಸಂಕೋಚದಿಂದ. “ಆ ದುರ್ಬೀನು ಪಾಪ ಹಾಗೇ ಇದೆ. ಸರಿ, ಈಗ ಬಾಗಿಲು ತೆಗೆಯೋದು ಹೇಗೆ?”

“ತಡಿ. ಮೊದಲು ಹೆಸರು ಕೊಡು. ಬೇರೆ ಬೇರೆ ಅಂತ ಹಾಕು.”

ಹೊರಗೆ ಅವಳ ಶೂಗಳು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದವು.

“ಸಿಟ್ಟಲ್ಲಿ ಹೇಳ್ತಿದ್ದೀರಾ?”

“ಇಲ್ಲ. ಲಿಫ್ಟಲ್ಲಿ ಹೇಳ್ತಿದ್ದೀನಿ.”

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಬೇರೆ ಬೇರೆ ಅಂದ್ರೆ ನಾನು ಕಾಯಲ್ಲ.”

“ಬೇಡ.”

“ತಿರುಗಿ ನೋಡಲ್ಲ. ಹಕ್ಕೀನೂ ತೋರಿಸಲ್ಲ.”

“ಬೇಡ.”

“ಗೇಟ್ ಮುಚ್ಚಿಹೋದ್ರೆ, ಆ ಸೀಟಿ ಹೆಂಗಸು ಏನಾಯ್ತು ಅಂತ ಕೇಳಿದ್ರೆ?”

ಅವನು ಹೇಳಬೇಕಾದದ್ದು ಒಂದೇ ಮಾತು. ಬೆಟ್ಟದ ಬುಡದಲ್ಲಿ ಇದ್ದದ್ದೂ ಅಷ್ಟೇ ಉಸಿರು. ಈಗ ಎದೆತುಂಬ ಗಾಳಿಯಿದ್ದರೂ ಅದು ಗಂಟಲು ದಾಟಿ ಬರುವುದಕ್ಕೆ ಮೂರು ಬೆಟ್ಟ ಹತ್ತಿಳಿದಷ್ಟು ಹೊತ್ತು ಹಿಡಿಯಿತು. ಹೊರಗಿನಿಂದ ಅವಳು, ದಿನವಿಡೀ ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ಅಪರಿಚಿತರ ಎದೆಗಳಿಗೆ ಹೇಳುವ ದನಿಯಲ್ಲೇ ಹೇಳಿದಳು: “ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಂ, ಈಗ ಬಿಡಿ.”

“ನನ್ನ ಕೈಲಾಗಲಿಲ್ಲ ಅಂತೀನಿ,” ಎಂದ ಅವನು. “ಅವತ್ತೂ ನನ್ನ ಕೈಲಾಗಿರಲಿಲ್ಲ.”

ಬಾಗಿಲ ಕೆಳಗಿನ ಸಂದಿನಿಂದ ಅವನು ಮೂರು ಮೂಲೆಯ ಕೀಲಿಯನ್ನು ಹೊರಕ್ಕೆ ತಳ್ಳಿದ. ನೆತ್ತಿಯ ತೂತಿಗೆ ಕೀಲಿ ಹಾಕಿ ಎಡಕ್ಕೆ ತಿರುಗಿಸು, ಒಳಕ್ಕೆ ಬಾಗಬೇಡ, ಒಂದು ಕೈ ಗೋಡೆಗಿರಲಿ ಎಂದು ಹೇಳಿಕೊಟ್ಟು, ಲಿಫ್ಟು ಅಲುಗದಂತೆ ಒಳಗಿನ ಸ್ವಿಚ್ಚನ್ನು ತಾನು ಆರಿಸಿದ. ಅವಳು ಸ್ಟೂಲೊಂದನ್ನು ಎಳೆದುಕೊಂಡು ಬಂದದ್ದು, ಹತ್ತಿ ಇಳಿದದ್ದು ಕೇಳಿಸಿತು. ಬಾಗಿಲು ಸರಿದಾಗ ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಒಂದು ಗೇಣು ದೂರದಲ್ಲಿ, ಅವಳ ಎರಡು ಮಂಡಿಗಳು ನಿಂತಿದ್ದವು.

ಅವನು ಅಷ್ಟು ಹತ್ತಿರದಿಂದ ಅವನ್ನು ಯಾವತ್ತೂ ನೋಡಿರಲಿಲ್ಲ. ಬಚ್ಚಲಿನ ಕಿಟಕಿಯಲ್ಲಿ ದಿನವೂ ನೋಡಿದ್ದು ಮೂಳೆ. ಇದು ಚರ್ಮ, ಬೆವರು, ಎಂದೋ ಬಿದ್ದ ಗಾಯದ ಹಳೆಯ ಗುರುತು, ಹತ್ತಿ ಬಂದ ರಭಸಕ್ಕೆ ಒಳಗೆಲ್ಲೋ ಇನ್ನೂ ಮಿಡಿಯುತ್ತಿರುವ ಒಂದು ನರ. ಎಡದ್ದು ಯಾವುದು ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು, ಎದುರುಬದುರು ನಿಂತಾಗ ಎಡ ಬಲ ಅದಲುಬದಲಾಗುತ್ತದಲ್ಲ. ಆಮೇಲೆ ಅವನು ಆ ಮಂಡಿಗೇ ಹೇಳಿದ: “ತಪ್ಪಾಯ್ತು.”

“ಯಾರಿಗೆ ಹೇಳ್ತಿದ್ದೀರಿ?” ಮೇಲಿನಿಂದ ದನಿ ಬಂತು.

“ನಿನ್ನ ಮಂಡಿಗೆ.”

“ಅದೇನೂ ಅಂದ್ಕೊಂಡಿಲ್ಲ. ಕೈ ಕೊಡಿ.”

ಹೊಟ್ಟೆಯನ್ನು ಹೊಸ್ತಿಲಿಗೆ ಉಜ್ಜಿಕೊಂಡು, ಕಾಲು ಝಾಡಿಸುತ್ತ, ಅವನು ಒಂಬತ್ತನೆಯ ಮಹಡಿಗೆ ಬಂದ. “ಇವತ್ತೇ ಅಮ್ಮನಿಗೂ ಹೇಳಿಬಿಡ್ತೀನಿ,” ಎಂದ, ಧೂಳು ಕೊಡವಿಕೊಳ್ಳುತ್ತ.

“ಅತ್ತೆಗೆ ಮಾತ್ರ ಹೇಳಬೇಡಿ ಮಾರಾಯ್ರೆ!” ಅವಳು ನಿಜಕ್ಕೂ ಗಾಬರಿಯಾದಳು. “ಅವರು ಕಾಲು ಒತ್ತೋದು ನಿಂತುಹೋಗುತ್ತೆ. ಓಟ ಮುಗೀಲಿ, ಆಮೇಲೆ ಹೇಳಿ.”

ಅಷ್ಟರಲ್ಲಿ ಮೆಟ್ಟಿಲಿನಿಂದ ವಾಚ್‌ಮನ್ ಬಂದ. ಆ ಕಟ್ಟಡ ಕಟ್ಟಿದಂದಿನಿಂದ ಅವನು ಒಂದು ಮೆಟ್ಟಿಲೂ ಹತ್ತಿದವನಲ್ಲ. ಒಂದು ಕೈಯಲ್ಲಿ ಕೆಲಸದ ಚೀಲ, ಇನ್ನೊಂದರಲ್ಲಿ ಫೋನು, ಮುಖ ಬೀಟ್ರೂಟು. “ಸಾರ್! ಸದ್ಯ ಸಿಕ್ಕಿದ್ರಲ್ಲ! ಒಳಗೆ ಯಾರೋ ಸಿಕ್ಕಾಕ್ಕೊಂಡಿದ್ರು, ಪಾಪ, ಮೂಗು ಕಟ್ಟಿತ್ತು ಅನ್ಸುತ್ತೆ.” ತೆರೆದ ಬಾಗಿಲು, ಖಾಲಿ ಲಿಫ್ಟು ನೋಡಿ ಅವನ ಕಣ್ಣು ಅರಳಿತು. “ಆಗಲೇ ಬಿಡಿಸಿಬಿಟ್ರಾ! ಅದಕ್ಕೇ ಸಾರ್ ನಾನು ಎಲ್ಲರಿಗೂ ಹೇಳೋದು, ನಮ್ಮ ಸಾರ್ ಅಂದ್ರೆ ಸಾರ್ ಅಂತ.”

ಒಂದು ಗಳಿಗೆ ಲಿಫ್ಟಿನವನ ಬಾಯಲ್ಲಿ ಕ್ಯಾಪ್ಟನ್ ಎದ್ದು ಕೂತ. ಹೂಂ ಎಂದರೆ ಸಾಕಿತ್ತು. ಅಷ್ಟು ಸಣ್ಣ ಅಕ್ಷರ. ಅವಳು, ಕೇಳಿದರೆ ಹೌದೆನ್ನಲು ಸಿದ್ಧಳಾದವಳ ಹಾಗೆ ಎಡಗಾಲನ್ನು ತುಸು ಸಡಿಲ ಬಿಟ್ಟು ನಿಂತಿದ್ದಳು. ಅದನ್ನು ಅವನು ನೋಡಿದ.

“ಬಿಡಿಸಿದ್ದು ಇವಳು,” ಎಂದ. “ಒಳಗಿದ್ದವನು ನಾನು.”

ವಾಚ್‌ಮನ್ ಅವನ ಚಡ್ಡಿಯನ್ನೂ ಫೋನನ್ನೂ ಒಂದಾದ ಮೇಲೊಂದು ನೋಡಿ, ತುಂಬ ಹೊತ್ತು ಯೋಚಿಸಿ, “ಮತ್ತೆ ಪೇಷಂಟ್ ಕಡೆಯವರು?” ಎಂದ. ಅವಳು ಗೋಡೆಗೆ ಮುಖ ತಿರುಗಿಸಿದಳು, ಬೆನ್ನು ಅಲುಗುತ್ತಿತ್ತು.

ಚೀಲದಿಂದ ಉಪ್ಪುಕಾಗದ ತೆಗೆದು ಅವನು ಸ್ಟೂಲು ಹತ್ತಿ ಆ ಎರಡು ಹಿತ್ತಾಳೆ ತುಂಡುಗಳನ್ನು ಉಜ್ಜಿದ. ಒಂದು ತಿಂಗಳಿಂದ ಮುಂದೂಡಿದ ಕೆಲಸ ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ ಮುಗಿಯಿತು. ಬಗ್ಗಿ ಒಳಗಿನ ಸ್ವಿಚ್ಚು ಹಾಕಿ ಬಾಗಿಲು ಮುಚ್ಚಿದ, ಲಿಫ್ಟು ಸದ್ದಿಲ್ಲದೆ ಮೇಲೆ ಬಂದು, ಏನೂ ಆಗೇ ಇಲ್ಲವೆಂಬಂತೆ ಮಹಡಿಗೆ ಸರಿಸಮ ನಿಂತಿತು. ವಾಚ್‌ಮನ್ ಅದರಲ್ಲೇ ಇಳಿದುಹೋದ. ಅವಳು ಫೋನು ತೆಗೆದು ಇಬ್ಬರ ಹೆಸರನ್ನೂ ಬೇರೆ ಬೇರೆಯಾಗಿ ಕೊಟ್ಟಳು. ಅವನ ಹೆಸರು ಕೊಡುವಾಗ ಒಮ್ಮೆ ಅವನ ಮುಖ ನೋಡಿದಳು, ಅವನು ತಲೆಯಾಡಿಸಿದ. ಆಮೇಲೆ ಅವಳು, “ಮೊದಲಿಂದ,” ಎಂದಷ್ಟೇ ಹೇಳಿ ಕೆಳಕ್ಕೆ ಓಡಿದಳು. ಅವನೂ ಇಳಿದ. ನೆಲಮಾಳಿಗೆ ಮುಟ್ಟುವಾಗ ಅವಳು ಆಗಲೇ ತಿರುಗಿ ಹತ್ತುತ್ತಿದ್ದಳು, ಅವನ ಪಕ್ಕದಿಂದಲೇ ಗಾಳಿಯಂತೆ ಹೋದಳು, ನಿಲ್ಲಲಿಲ್ಲ. ಅದು ಎದೆಗೆ ತಾಗಿತು. ತಾಗುತ್ತದೆ ಎಂದು ಗೊತ್ತಿದ್ದೂ ತಾಗಿತು. ಅವನು ಚೀಲದಿಂದ ‘ಲಿಫ್ಟ್ ಕೆಟ್ಟಿದೆ’ ಎಂಬ ತಗಡಿನ ಹಲಗೆಯನ್ನು ತೆಗೆದು ಬಗಲಲ್ಲಿ ಸಿಕ್ಕಿಸಿಕೊಂಡ, ಹತ್ತತೊಡಗಿದ.

ಎರಡರಲ್ಲಿ ತೊಡೆ ಬಿಸಿಯಾಯಿತು. ನಾಲ್ಕರಲ್ಲಿ ಕಿವಿಯೊಳಗೆ ಯಾರೋ ಕಬ್ಬಿಣ ಬಡಿಯತೊಡಗಿದರು. ಐದರಲ್ಲಿ, ಯಾರೋ ಕರೆದರೋ ಏನೋ, ಪಕ್ಕದ ಲಿಫ್ಟು ಟಿಣ್ ಎಂದು ಬಾಗಿಲು ತೆರೆಯಿತು: ಒಳಗೆ ಯಾರೂ ಇಲ್ಲ, ಹಳದಿ ಬೆಳಕು, ಬಟ್ಟೆ ಇಳಿಸಿದ, ಅಮ್ಮನ ಮಡಿಲಿನಂಥ ತಳ್ಳುಗಾಡಿ. ಒಳ್ಳೆಯ ಲಿಫ್ಟು, ಅವನೇ ಸರಿಮಾಡಿದ್ದು. ಅವನು ಹಲಗೆಯನ್ನು ಅದರ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ಸಂಜೆಯ ಬಟ್ಟೆ ಸಾಗಿಸಿ ಆಗಿತ್ತು, ಅರ್ಧ ಗಂಟೆ ಕೆಟ್ಟಿದ್ದರೆ ಯಾರಿಗೂ ನಷ್ಟವಿಲ್ಲ. ಏಳರಲ್ಲಿ ಅವನು ಲೇಸಿಗೆಂದು ಬಗ್ಗಿದ. ಕಟ್ಟಿದ ಗಂಟು ಹಾಗೇ ಇತ್ತು, ನೋಡುವವರೂ ಇರಲಿಲ್ಲ. ಹಾಗಾಗಿ ಲೇಸನ್ನು ಬಿಟ್ಟು, ಸುಮ್ಮನೆ ನಿಂತು, ಉಸಿರಾಡಿದ. ನಿಲ್ಲುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತೇ ಇರಲಿಲ್ಲ. ಮತ್ತೆ ಹತ್ತಿದ. ಹತ್ತರಲ್ಲಿ, ತಾನು ದಿನವೂ ಅವಿತುಕೊಳ್ಳುತ್ತಿದ್ದ ಮೂಲೆಯನ್ನು ದಾಟುವಾಗ, ಅಲ್ಲಿ ಯಾರೋ ಸೊಂಟಕ್ಕೆ ಕೈಯಿಟ್ಟು ಕೆಮ್ಮಲು ಸಿದ್ಧನಾಗಿ ನಿಂತಿರುವ ಹಾಗೆ ಅನ್ನಿಸಿ ಆ ಕಡೆ ನೋಡದೆ ಮುಂದೆ ಹೋದ. ಹನ್ನೊಂದನೆಯದು ಎಂಥ ಮಹಡಿಯೆಂದರೆ, ಅದನ್ನು ಕಟ್ಟಿದವನ ವಂಶ ವಂಶವನ್ನೂ ಅವನು ಒಂದೊಂದು ಮೆಟ್ಟಿಲಿಗೊಬ್ಬರಂತೆ ಬೈದು ಮುಗಿಸಿದ. ಆದರೂ ಮೆಟ್ಟಿಲು ಉಳಿದಿದ್ದವು.

ತಾರಸಿಯಲ್ಲಿ ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ಬೆವರು ಆಗಲೇ ಆರಿತ್ತು. ಬಂದು ಎಷ್ಟೋ ಹೊತ್ತಾಗಿತ್ತು. ಅವಳು ಕಾದಿರಲಿಲ್ಲ, ಹತ್ತುವುದನ್ನು ಮುಗಿಸಿ ಕೂತಿದ್ದಳು, ಅಷ್ಟೇ. ಆ ಎರಡರ ನಡುವಿನ ಅಂತರವನ್ನು ಅವನು ಮೊದಲ ಸಲ ನೋಡಿದ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಈ ಸಲ ಸೊಂಟಕ್ಕೆ ಕೈ ಹೋಗಲಿಲ್ಲ, ಕೆಮ್ಮು ಬರಲಿಲ್ಲ. ಬಂದದ್ದು ಎಲ್ಲೋ ಪಾತಾಳದಿಂದ ಸೇದಿದಂಥ, ನೋಡಲು ಏನೂ ಚೆನ್ನಾಗಿಲ್ಲದ ಉಸಿರು.

ಅವಳು ಅವನನ್ನು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವವಳಂತೆ, ಸಂಜೆಯ ಬೆಳಕಿನೆದುರು ತುಂಬ ಹೊತ್ತು ನೋಡಿದಳು.

“ಬಾರೋ,” ಎಂದಳು ಕೊನೆಗೆ, ಪಕ್ಕದ ಜಾಗ ತಟ್ಟುತ್ತ. “ಕೂತ್ಕೋ. ಇಳಿಯೋದು ಲಿಫ್ಟಲ್ಲೇ ಇಳಿಯೋಣ ಬಿಡು.”

“ಲಿಫ್ಟ್ ಕೆಟ್ಟಿದೆ,” ಎಂದ ಅವನು. ಜೀವಮಾನದಲ್ಲಿ ಆ ಮಾತನ್ನು ಅಷ್ಟು ಹೆಮ್ಮೆಯಿಂದ ಹೇಳಿದ ಲಿಫ್ಟ್ ಮೆಕ್ಯಾನಿಕ್ ಇನ್ನೊಬ್ಬನಿರಲಾರ. ಅವಳ ಕಡೆಗೆ ನಡೆಯಲು ಹೋದ. ಕಾಲು ಅವನ ಮಾತು ಕೇಳಲಿಲ್ಲ. ಒಂದು ಹೆಜ್ಜೆ ಎಳೆದು ಹಾಕಿದ, ಇನ್ನೊಂದು ಎಳೆದು ಹಾಕಿದ.

“ಅಯ್ಯೋ, ಕುಂಟ್ತಿದ್ದೀಯಲ್ಲೋ! ಯಾವ ಕಾಲು?”

ಅವನು ಬಗ್ಗಿ ತನ್ನ ಮಂಡಿಗಳನ್ನು ನೋಡಿಕೊಂಡ.

“ಎರಡೂ,” ಎಂದ.